ಟ್ರಾನ್ಸ್‌ಫಾರ್ಮರಿಗೆ ಬ್ಯಾಟರಿ ಏಕೆ ಒಗ್ಗದು?

ಶಿವನಸಮುದ್ರದ ಜಲಪಾತದ ಶಕ್ತಿಯು 1902ನೆಯ ಇಸವಿಯಲ್ಲಿ ತೊಂಬತ್ತು ಮೈಲಿಗಳಿಗೂ ಹೆಚ್ಚು ದೂರ ಹರಿದು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸಿತೆಂಬುದನ್ನು ತಾವೆಲ್ಲರೂ ಕೇಳಿರಬಹುದು. ಅಷ್ಟು ದೂರದ ದಾರಿಯಲ್ಲಿ ಆ ಶಕ್ತಿಯು ವ್ಯರ್ಥವಾಗಿ ಹೋಗಲಿಲ್ಲವೇಕೆ?

ಪ್ರವಾಹ ಹರಿದಾಗ ತಂತಿಯು ಬಿಸಿಯಾಗುತ್ತದೆ. ಆ ಬಿಸಿಯೆಲ್ಲವೂ ನಷ್ಟವೇ. ಪ್ರವಾಹವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ನಷ್ಟವು ನೂರರಲ್ಲೊಂದು ಪಾಲಿಗೆ ಇಳಿಯುವುದು. ಹಾಗೆ ಇಳಿಸಿಯೂ ಅಷ್ಟೇ ಶಕ್ತಿಯನ್ನು ಕಳುಹಬೇಕಾದರೆ ವಿದ್ಯುತ್ತಿನ ಒತ್ತಡವನ್ನು, ಎಂದರೆ ವೋಲ್ಟುಗಳನ್ನು, ಹತ್ತರಷ್ಟು ಏರಿಸಬೇಕು. ಆದುದರಿಂದಲೇ ಶಿವನಸಮುದ್ರದಲ್ಲಿ ಒತ್ತಡವನ್ನು ಸುಮಾರು 30,000 ವೋಲ್ಟುಗಳಿಗೆ ಏರಿಸಿ, ಗಣಿಯ ಬಳಿ ಮತ್ತೆ ಇಳಿಸಿದರು. ಏರಿಸಿ ಇಳಿಸುವ ಈ ಉಪಕರಣವೇ ಟ್ರಾನ್ಸ್‌ಫಾರ್ಮರು. ಅದರಲ್ಲಿರುವುದು ಕಬ್ಬಿಣದ ಒಂದು ಚೌಕಟ್ಟು, ಅದಕ್ಕೆ ಸುತ್ತಿದ ಎರಡು ತಂತಿಯ ಸುರುಳಿಗಳು. ಒಂದರಲ್ಲಿ ನೂರು ಸುತ್ತು, ಇನ್ನೊಂದರಲ್ಲಿ ಸಾವಿರ ಸುತ್ತು ಇದ್ದರೆ ಒತ್ತಡವು ಹತ್ತರಷ್ಟಾಗುವುದು.

ಆದರೆ ಒಂದು ಸುರುಳಿಯು ಇನ್ನೊಂದನ್ನು ಮುಟ್ಟುವುದಿಲ್ಲ. ಶಕ್ತಿಯು ದಾಟುವುದೆಂತು? 1831ರಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯು ಇಂತಹದೇ ಒಂದು ಕಬ್ಬಿಣದ ಬಳೆಯ ಮೊದಲ ಸುರುಳಿಗೆ ಬ್ಯಾಟರಿಯನ್ನು ಜೋಡಿಸಿದನು. ಎರಡನೆಯ ಸುರುಳಿಯ ಬಳಿಯಿದ್ದ ಸೂಜಿ ಒಮ್ಮೆ ಅಲುಗಿ ಸುಮ್ಮನಾಯಿತು. ಬ್ಯಾಟರಿಯನ್ನು ಬಿಡಿಸಿದಾಗ ಎದುರು ದಿಕ್ಕಿಗೆ ಮತ್ತೊಮ್ಮೆ ಅಲುಗಿತು. ನಡುವೆ ಪ್ರವಾಹವು ಹರಿಯುತ್ತಲೇ ಇದ್ದರೂ ಸೂಜಿ ಮಿಸುಕಲಿಲ್ಲ. ಕಬ್ಬಿಣದಲ್ಲಿ ಅಯಸ್ಕಾಂತ ಶಕ್ತಿ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು.

ಬ್ಯಾಟರಿಯದು ಒಂದೇ ದಿಕ್ಕಿನ, ಒಂದೇ ಸಮನಾದ ಪ್ರವಾಹ. ಮೊದಲ ಕ್ಷಣ ಕಳೆದ ಮೇಲೆ ಎರಡನೆಯ ಸುರುಳಿಗೆ ಏನೂ ದೊರೆಯದು. ಅಷ್ಟೇ ಅಲ್ಲ: ಬದಲಾಗುವ ಅಯಸ್ಕಾಂತ ಶಕ್ತಿಯು ಮೊದಲ ಸುರುಳಿಯಲ್ಲಿಯೂ ಎದುರೊತ್ತಡವನ್ನು ಹುಟ್ಟಿಸಿ ಪ್ರವಾಹವನ್ನು ಹದದಲ್ಲಿಡುತ್ತದೆ. ಬ್ಯಾಟರಿಯಿಟ್ಟರೆ ಆ ತಡೆ ಇಲ್ಲ. ಪ್ರವಾಹವು ಮಿತಿಮೀರಿ ಸುರುಳಿ ಸುಟ್ಟುಹೋಗಬಹುದು. ಕುತೂಹಲದಿಂದ ಮನೆಯಲ್ಲಿ ಪ್ರಯೋಗಕ್ಕೆ ಕೈಹಾಕುವ ಹುಡುಗರು ಇದನ್ನು ಮರೆಯಬಾರದು. ನಮ್ಮ ಮನೆಗಳಿಗೆ ಬರುವ ಪರ್ಯಾಯ ಪ್ರವಾಹವಾದರೋ ಸೆಕೆಂಡಿಗೆ ಐವತ್ತು ಸಲ ಹೋಗಿ ಬರುತ್ತಿರುವುದರಿಂದ ಫ್ಯಾರಡೆಯ ಸೂಜಿಯನ್ನು ಅಲುಗಿಸಿದ ಕ್ಷಣವು ಎಡೆಬಿಡದೆ ಮರುಕಳಿಸುತ್ತಿರುತ್ತದೆ.

2003ರಲ್ಲಿ ಒಡಿಶಾದ ತಾಲ್ಚೇರಿನಿಂದ ಅದೇ ಕೋಲಾರಕ್ಕೆ ಬಂದ ವಿದ್ಯುನ್ಮಾರ್ಗದಲ್ಲಿ ಹರಿಯುವುದು ಏಕಮುಖ ಪ್ರವಾಹವೇ. ಆದರೂ ಒತ್ತಡವನ್ನು ಏರಿಸಿ ಇಳಿಸುವ ಕೆಲಸವು ಎರಡು ತುದಿಗಳಲ್ಲಿಯೂ ಪರ್ಯಾಯ ಪ್ರವಾಹದಿಂದಲೇ ನಡೆಯುತ್ತದೆ. ಹಾದಿ ಬದಲಾಗಿದೆ, ಫ್ಯಾರಡೆ ಕಂಡ ನಿಯಮ ಬದಲಾಗಿಲ್ಲ.