ವಾಷಿಂಗ್ಟನ್ನಿನ ಬಡ್ಡಿ, ಕೈರೋದ ರೊಟ್ಟಿ



ಜಾಗತಿಕ ಅರ್ಥವ್ಯವಸ್ಥೆಯ ಮುನ್ನೋಟದ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ನಾನು ಅರ್ಥಶಾಸ್ತ್ರಜ್ಞನಲ್ಲ, ಪತ್ರಕರ್ತ. ಅಂತಾರಾಷ್ಟ್ರೀಯ ಹಣಕಾಸು ನಿಧಿಯು ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಇಂಥದೊಂದು ಮುನ್ನೋಟವನ್ನು ಪ್ರಕಟಿಸುತ್ತದೆ. ಕಳೆದ ಕೆಲವು ವರ್ಷಗಳಿಂದ ಅದು ಹೇಳುತ್ತಿರುವ ಜಗತ್ತಿನ ಬೆಳವಣಿಗೆಯ ದರ ಶೇಕಡಾ 3ರ ಆಸುಪಾಸಿನಲ್ಲಿದೆ. ಆದರೆ ಸರಾಸರಿ ಎಂಬುದು ವಿಚಿತ್ರವಾದ ಲೆಕ್ಕ. ಒಬ್ಬನು ಎರಡು ಊಟ ಮಾಡಿ ಇನ್ನೊಬ್ಬನು ಉಪವಾಸ ಮಲಗಿದರೂ ತಲಾ ಒಂದು ಊಟವೆಂದೇ ಅದು ಹೇಳುತ್ತದೆ. ಆದ್ದರಿಂದ ನಾನು ಆ ಲೆಕ್ಕವನ್ನು ಬದಿಗಿಟ್ಟು, ಬಡ್ಡಿಯ ದರವೊಂದು ದೇಶದಿಂದ ದೇಶಕ್ಕೆ ಹೇಗೆ ಪಯಣಿಸುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

2020ರ ಮಾರ್ಚ್‌ನಲ್ಲಿ ಕೊರೋನಾದ ಭೀತಿಯ ನಡುವೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ತನ್ನ ಬಡ್ಡಿದರವನ್ನು ಬಹುತೇಕ ಸೊನ್ನೆಗಿಳಿಸಿತು. ಸಾಲ ಅಗ್ಗವಾಯಿತು, ಹಣ ಹರಿಯಿತು. 2022ರ ಜೂನ್‌ನಲ್ಲಿ ಅಲ್ಲಿನ ಬೆಲೆಯೇರಿಕೆ ಶೇಕಡಾ 9.1ಕ್ಕೆ ಮುಟ್ಟಿತು. ಅದನ್ನು ಹತ್ತಿಕ್ಕಲು 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಹನ್ನೊಂದು ಬಾರಿ ಬಡ್ಡಿಯನ್ನು ಏರಿಸಿ ಶೇಕಡಾ 5.25ರಿಂದ 5.50ರ ಮಟ್ಟಕ್ಕೆ ಒಯ್ಯಲಾಯಿತು. ಅಮೆರಿಕದ ಸರಕಾರಿ ಸಾಲಪತ್ರವೇ ಇಷ್ಟು ಬಡ್ಡಿ ಕೊಡುವಾಗ ಹೂಡಿಕೆದಾರನು ಬಡ ರಾಷ್ಟ್ರಗಳಲ್ಲಿ ಹಣವಿಟ್ಟು ಏಕೆ ಕಾಯಬೇಕು? ಹಣ ಮರಳಿ ಅಮೆರಿಕಕ್ಕೆ ಹೊರಟಿತು. ಡಾಲರ್ ಬಲಿಯಿತು, ಉಳಿದವರ ನಾಣ್ಯಗಳು ಸೊರಗಿದವು.

ಇದರ ಪರಿಣಾಮವನ್ನು ನಮ್ಮ ಮನೆಗಳೂ ಕಂಡಿವೆ. ಯುಎಇಯ ದಿರ್ಹಮ್ ಮತ್ತು ಸೌದಿಯ ರಿಯಾಲ್‌ಗಳನ್ನು ಡಾಲರ್‌ಗೆ ಬಿಗಿಯಾಗಿ ಕಟ್ಟಲಾಗಿದೆ. ಒಂದು ಡಾಲರ್‌ಗೆ 3.67 ದಿರ್ಹಮ್, 3.75 ರಿಯಾಲ್. 2022ರ ಆರಂಭದಲ್ಲಿ ಒಂದು ದಿರ್ಹಮ್‌ಗೆ ಸುಮಾರು 20 ರೂಪಾಯಿ ಇತ್ತು. ಡಾಲರ್ ಬೆಲೆ 90 ರೂಪಾಯಿ ದಾಟಿದ 2025ರ ಡಿಸೆಂಬರ್‌ನಲ್ಲಿ ಅದು 24ನ್ನು ಮೀರಿತು. ತಿಂಗಳಿಗೆ 1,500 ದಿರ್ಹಮ್ ಕಳುಹಿಸುವ ಮಗನ ತಾಯಿಗೆ 30 ಸಾವಿರದ ಬದಲು 36 ಸಾವಿರ ಸಿಕ್ಕಿತು. ಸಂತೋಷ. ಆದರೆ ನಾವು ಬಳಸುವ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು, ಕಚ್ಚಾ ತೈಲದ ಬಹುಪಾಲನ್ನು ದೇಶವು ಡಾಲರ್ ಕೊಟ್ಟೇ ತರಿಸಿಕೊಳ್ಳುತ್ತದೆ. ಗಲ್ಫ್‌ನಲ್ಲಿ ಮಗನಿಲ್ಲದ ಪಕ್ಕದ ಮನೆಯ ತಾಯಿಗೆ ಈ ವ್ಯವಹಾರದಲ್ಲಿ ದೊರೆತದ್ದು ದುಬಾರಿ ಎಣ್ಣೆ ಮಾತ್ರ!

ಭಾರತ ವಿಶಾಲ ದೇಶ, ತಾಳಿಕೊಂಡಿತು. ಈಜಿಪ್ಟ್ ತಾಳಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಗೋಧಿ ಆಮದು ಮಾಡಿಕೊಳ್ಳುವ ದೇಶಗಳಲ್ಲಿ ಒಂದಾದ ಅದು ಉಕ್ರೇನ್ ಯುದ್ಧದಿಂದ ಮೊದಲೇ ತತ್ತರಿಸಿತ್ತು. ಹೊರಗಿನ ಹೂಡಿಕೆದಾರರು 2022ರಲ್ಲಿ ಕೆಲವೇ ತಿಂಗಳುಗಳಲ್ಲಿ ಸುಮಾರು 2,000 ಕೋಟಿ ಡಾಲರ್ ಹಿಂತೆಗೆದರು. ಡಾಲರೊಂದಕ್ಕೆ 16 ಪೌಂಡ್‌ನಷ್ಟಿದ್ದ ನಾಣ್ಯ 2024ರ ಮಾರ್ಚ್‌ನಲ್ಲಿ 50ರ ಸಮೀಪಕ್ಕೆ ಕುಸಿಯಿತು. ಹಣಕಾಸು ನಿಧಿಯು ತನ್ನ ಸಾಲವನ್ನು 300 ಕೋಟಿಯಿಂದ 800 ಕೋಟಿ ಡಾಲರ್‌ಗೆ ಹೆಚ್ಚಿಸಿತು. ಮೂರು ದಶಕಗಳಿಗೂ ಹೆಚ್ಚು ಕಾಲ, ಯಾವ ಸರಕಾರವೂ ಮುಟ್ಟಲು ಧೈರ್ಯ ಮಾಡದಿದ್ದ ಸಬ್ಸಿಡಿ ರೊಟ್ಟಿಯ ಬೆಲೆಯನ್ನು 2024ರ ಜೂನ್‌ನಲ್ಲಿ 5 ಪಿಯಾಸ್ಟರ್‌ನಿಂದ 20ಕ್ಕೆ ಏರಿಸಲಾಯಿತು. ನಾಲ್ಕು ಪಟ್ಟು! ಸಾಲ ತಂದು ಮರುಭೂಮಿಯಲ್ಲಿ ಹೊಸ ರಾಜಧಾನಿ ಕಟ್ಟಿಸಿದ ಆಡಳಿತಗಾರರು ಇದಕ್ಕೆ ಹೊಣೆಗಾರರಲ್ಲವೆಂದು ನಾನು ಹೇಳುವುದಿಲ್ಲ. ಆದರೆ ರೊಟ್ಟಿಗಾಗಿ ಸಾಲಿನಲ್ಲಿ ನಿಂತವನು ಆ ಸಾಲಪತ್ರಕ್ಕೆ ಸಹಿ ಹಾಕಿದವನಲ್ಲ.

ಹಾಗಾದರೆ ಬಡ್ಡಿಯನ್ನೇ ಇಳಿಸಿಬಿಟ್ಟರಾಯಿತಲ್ಲ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ತುರ್ಕಿಯ ಅಧ್ಯಕ್ಷ ಎರ್ದೋಗಾನ್ ಅದನ್ನೇ ಮಾಡಿದರು. ಧಾರ್ಮಿಕ ಆದೇಶವನ್ನು ಉಲ್ಲೇಖಿಸಿಯೇ ಮಾಡಿದರು. ನಮ್ಮ ವಲಯಗಳಲ್ಲಿ ಚಪ್ಪಾಳೆಯೂ ಬಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಶೇಕಡಾ 19ರಷ್ಟಿದ್ದ ದರ 2023ರ ಫೆಬ್ರವರಿ ವೇಳೆಗೆ 8.5ಕ್ಕಿಳಿಯಿತು. ಬೆಲೆಯೇರಿಕೆಯೋ 2022ರ ಅಕ್ಟೋಬರ್‌ನಲ್ಲಿ, ಸರಕಾರದ ಲೆಕ್ಕದಲ್ಲಿಯೇ, ಶೇಕಡಾ 85 ದಾಟಿತ್ತು. ಜನರು ಲಿರಾ ಮಾರಿ ಡಾಲರ್ ಕೊಳ್ಳತೊಡಗಿದಾಗ, ಲಿರಾ ಕುಸಿದರೆ ಠೇವಣಿದಾರರ ನಷ್ಟವನ್ನು ತುಂಬಿಕೊಡುವ ಯೋಜನೆಯನ್ನು 2021ರ ಡಿಸೆಂಬರ್‌ನಲ್ಲಿ ತರಲಾಯಿತು. ಸ್ವಲ್ಪ ಯೋಚಿಸಿ. ಬ್ಯಾಂಕಿನಲ್ಲಿ ಹಣವಿದ್ದವನಿಗೆ ಸಾರ್ವಜನಿಕ ಬೊಕ್ಕಸದಿಂದ ಪರಿಹಾರ, ಸಂಬಳ ನಂಬಿ ಬದುಕುವವನಿಗೆ ಬೆಲೆಯೇರಿಕೆ. ಮುಂಬಾಗಿಲಿನಿಂದ ಹೊರಹಾಕಿದ ಬಡ್ಡಿ ಹೆಸರು ಬದಲಿಸಿ ಹಿಂಬಾಗಿಲಿನಿಂದ ಬಂದಿತ್ತು. 2024ರ ಮಾರ್ಚ್‌ನಲ್ಲಿ ಅದೇ ತುರ್ಕಿಯ ಬಡ್ಡಿದರ ಶೇಕಡಾ 50ಕ್ಕೇರಿತು.

ಬಡ್ಡಿಯ ನಿಷೇಧವೆಂದರೆ ಕೇಂದ್ರ ಬ್ಯಾಂಕಿನ ದರದ ಅಂಕಿಯನ್ನು ತಿದ್ದುವುದಲ್ಲ. ಸೂರಃ ಅಲ್‌ಬಕರಃದಲ್ಲಿ ಆ ನಿಷೇಧದ ಬೆನ್ನಿಗೇ ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕೆಂಬ ಆದೇಶವಿದೆ. ಜಾಗತಿಕ ವ್ಯವಸ್ಥೆಯಲ್ಲಿ ಇಲ್ಲದಿರುವುದು ಅದೇ. ದಿವಾಳಿಯಾದ ಕಂಪೆನಿಗೆ ನ್ಯಾಯಾಲಯವಿದೆ, ದಿವಾಳಿಯಾದ ದೇಶಕ್ಕಿಲ್ಲ. ಝಾಂಬಿಯಾ 2020ರ ನವೆಂಬರ್‌ನಲ್ಲಿ ಸಾಲ ಕಟ್ಟಲಾರೆನೆಂದಿತು. ಚೀನಾ, ಪಾಶ್ಚಾತ್ಯ ಸರಕಾರಗಳು, ಖಾಸಗಿ ಹೂಡಿಕೆದಾರರು ಪರಸ್ಪರ ಮುಖ ನೋಡುತ್ತಾ ಕುಳಿತುದರಿಂದ ಸಾಲಪತ್ರದಾರರೊಂದಿಗಿನ ಒಪ್ಪಂದ ಪೂರ್ಣಗೊಳ್ಳಲು 2024ರ ಜೂನ್ ಬೇಕಾಯಿತು. ಶಿಕ್ಷಣಕ್ಕಿಂತ ಅಥವಾ ಆರೋಗ್ಯಕ್ಕಿಂತ ಬಡ್ಡಿಗೇ ಹೆಚ್ಚು ವೆಚ್ಚ ಮಾಡುವ ದೇಶಗಳಲ್ಲಿ 330 ಕೋಟಿ ಜನರಿದ್ದಾರೆಂದು ವಿಶ್ವಸಂಸ್ಥೆಯ ವರದಿಯೊಂದು 2023ರಲ್ಲಿ ಹೇಳಿತು.

ಸಾಲದ ಹೊರೆ ಬಡವರದು ಮಾತ್ರವಲ್ಲ. 2024ರ ಹಣಕಾಸು ವರ್ಷದಲ್ಲಿ ಅಮೆರಿಕವು ತನ್ನ ಸೇನೆಗಿಂತ ಬಡ್ಡಿಗೇ ಹೆಚ್ಚು ಖರ್ಚು ಮಾಡಿತು. 2025ರ ಮೇ ತಿಂಗಳಲ್ಲಿ ಮೂಡೀಸ್ ಸಂಸ್ಥೆ ಅದರ ಸಾಲಯೋಗ್ಯತೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿತು. ವ್ಯತ್ಯಾಸವಿಷ್ಟೇ, ಅಮೆರಿಕದ ಸಾಲ ಅದರದೇ ನಾಣ್ಯದಲ್ಲಿದೆ. 2022ರಲ್ಲಿ ರಷ್ಯಾದ ಡಾಲರ್, ಯೂರೋ ನಿಧಿಗಳನ್ನು ಪಾಶ್ಚಾತ್ಯರು ತಡೆಹಿಡಿದ ಬಳಿಕ ಉಳಿದ ದೇಶಗಳೂ ಎಚ್ಚೆತ್ತುಕೊಂಡವು. ಕೇಂದ್ರ ಬ್ಯಾಂಕುಗಳು 2022ರಿಂದ ಮೂರು ವರ್ಷ ಸತತವಾಗಿ ವರ್ಷಕ್ಕೆ ಸಾವಿರ ಟನ್ನಿಗೂ ಮಿಕ್ಕಿ ಚಿನ್ನ ಖರೀದಿಸಿದವು. 2025ರಲ್ಲಿ ನಮ್ಮಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ದಾಟಿತು.

ಆ ಲಕ್ಷದ ಲೆಕ್ಕದಲ್ಲಿ ಹಿಡಿದರೂ ಒಂದು ಪವನಿಗೆ 80 ಸಾವಿರ, ಮೂವತ್ತು ಪವನಿಗೆ 24 ಲಕ್ಷ. ಇಲ್ಲಿ ಕುಳಿತಿರುವ ಗಂಡು ಮಕ್ಕಳ ತಂದೆತಾಯಂದಿರನ್ನು ಒಂದು ಮಾತು ಕೇಳಿ ವಿರಮಿಸುತ್ತೇನೆ. ಮೂವತ್ತು ಪವನಾದರೂ ಬೇಕೆಂದು ಹೆಣ್ಣಿನ ಮನೆಯಲ್ಲಿ ಹೇಳಿ ಬಂದಾಗ, ಆ 24 ಲಕ್ಷವನ್ನು ಅವರು ಯಾರ ಬಳಿ, ಯಾವ ಬಡ್ಡಿಗೆ ತರುತ್ತಾರೆಂದು ನೀವು ವಿಚಾರಿಸಿದ್ದಿರಾ?