ಮೋರ್ಟನ್ ಕೊಲ್ಲಿಯ ಕೆಸರು

ನನ್ನ ಗೆಳೆಯರೂ ನಾನೂ ಇಂದು ಕನ್ನಡ ಶಾಲೆ ಮುಗಿಸುತ್ತಿದ್ದೇವೆ.

ಇಂಥ ದಿನ ಶಾಲೆಯ ನೆನಪುಗಳನ್ನು ಹೇಳುವುದು ವಾಡಿಕೆ. ಆದರೆ ನಮ್ಮ ಟೀಚರ್, "ನಿನಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯವನ್ನು ಕನ್ನಡದಲ್ಲಿ ಹೇಳು" ಅಂದರು. ನನಗೆ ಚೆನ್ನಾಗಿ ಗೊತ್ತಿರುವುದು ಬ್ರಿಸ್ಬೇನ್‌ನ ಮೋರ್ಟನ್ ಕೊಲ್ಲಿಯ ಕೆಸರು. ದಯವಿಟ್ಟು ನಗಬೇಡಿ.

ಇಳಿತದ ಹೊತ್ತಿಗೆ ಕ್ಲೀವ್‌ಲ್ಯಾಂಡ್ ದಡಕ್ಕೆ ಹೋದರೆ ನೀರು ಹಿಂದೆ ಸರಿದು ಬರೀ ಕೆಸರು ಕಾಣುತ್ತದೆ. ನಮಗೆ ಅದು ವಾಸನೆ, ಈಸ್ಟರ್ನ್ ಕರ್ಲ್ಯೂ ಎಂಬ ಹಕ್ಕಿಗೆ ಊಟದ ಎಲೆ. ಉದ್ದನೆಯ ಬಾಗಿದ ಕೊಕ್ಕನ್ನು ಕೆಸರಿಗೆ ಇಳಿಸಿ ಏಡಿಯನ್ನು ಎಳೆದು ತಿನ್ನುತ್ತದೆ. ರಷ್ಯಾದ ಪೂರ್ವ ಭಾಗದಲ್ಲಿ, ಈಶಾನ್ಯ ಚೀನಾದಲ್ಲಿ ಮರಿ ಮಾಡಿ, ಸುಮಾರು 10,000 ಕಿಲೋಮೀಟರ್ ಹಾರಿ ಇಲ್ಲಿಗೆ ಬರುತ್ತದೆ. ಮಾರ್ಚ್ ಹೊತ್ತಿಗೆ ಮೈತುಂಬ ಕೊಬ್ಬು ಕಟ್ಟಿಕೊಂಡು ಮತ್ತೆ ಹೊರಡಬೇಕು. ಮರಿಗಳು ಮಾತ್ರ ಮೊದಲ ವರ್ಷವೇ ವಾಪಸು ಹೋಗುವುದಿಲ್ಲ, ಇಲ್ಲೇ ಬೆಳೆಯುತ್ತವೆ. ಇದನ್ನು ಓದಿದಾಗ ನನಗೆ ನಮ್ಮ ತರಗತಿಯೇ ನೆನಪಾಯಿತು! 2015ರಿಂದ ಈ ಹಕ್ಕಿ ಆಸ್ಟ್ರೇಲಿಯಾದಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಇನ್ನು ಸರ್ಕಾರದ ಕಥೆ. ಜೌಗು ನೆಲಗಳನ್ನು ಉಳಿಸಲು 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಒಂದು ಒಪ್ಪಂದವಾಯಿತು. 1993ರಲ್ಲಿ ಮೋರ್ಟನ್ ಕೊಲ್ಲಿ ಆ ಪಟ್ಟಿಗೆ ಸೇರಿತು. ಇಪ್ಪತ್ತು ವರ್ಷದ ಮೇಲೆ, 2013ರಲ್ಲಿ, ಕ್ವೀನ್ಸ್‌ಲ್ಯಾಂಡ್ ಸರ್ಕಾರ ಅದೇ ದಡದ ಟೂಂಡಾ ಬಂದರನ್ನು ಅಭಿವೃದ್ಧಿಯ ಆದ್ಯತೆಯ ಪ್ರದೇಶ ಎಂದು ಘೋಷಿಸಿತು. ಕೆಸರು ತುಂಬಿಸಿ, ಸಾವಿರಾರು ಅಪಾರ್ಟ್‌ಮೆಂಟ್ ಮತ್ತು ದೋಣಿ ನಿಲ್ದಾಣ ಕಟ್ಟುವ ಯೋಜನೆ ಬಂತು. ಒಂದೇ ಜಾಗಕ್ಕೆ ಎರಡು ಬೋರ್ಡು.

ನಮ್ಮ ಮನೆಯಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ಆಯಿತು. "ಬಾಡಿಗೆ ಹೀಗೆ ಏರುತ್ತಿರುವಾಗ ಹಕ್ಕಿಗೋಸ್ಕರ ಮನೆ ಕಟ್ಟಬೇಡಿ ಅನ್ನೋದಾ?" ಎಂದರು ಅಪ್ಪ. ನ್ಯಾಯವಾದ ಪ್ರಶ್ನೆ. ಇಲ್ಲಿ ಬೇಡ ಎನ್ನುವವರು ಎಲ್ಲಿ ಕಟ್ಟಬೇಕೆಂದೂ ಹೇಳಬೇಕು. ಆದರೆ ಉಬ್ಬರದಲ್ಲಿ ಹಕ್ಕಿ ಕೂರುವ ಜಾಗವನ್ನು ಮನುಷ್ಯರು ಕಟ್ಟಿಕೊಡಬಹುದು, ಬ್ರಿಸ್ಬೇನ್ ಬಂದರಿನಲ್ಲಿ ಕಟ್ಟಿದ್ದಾರೆ ಕೂಡ. ಏಡಿಗಳು ತುಂಬಿದ ಕೆಸರನ್ನು ಹಾಗೆ ಕಟ್ಟಲು ಬರುವುದಿಲ್ಲ. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ, ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಯೋಜನೆಯ ವರದಿಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 26,000ಕ್ಕೂ ಹೆಚ್ಚು ಪತ್ರಗಳು ಬಂದವು, ಹೆಚ್ಚಿನವು ವಿರೋಧವೇ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಪರಿಸರ ಸಚಿವೆ ತಾನ್ಯಾ ಪ್ಲಿಬರ್ಸೆಕ್ ಅನುಮತಿ ನಿರಾಕರಿಸುವುದಾಗಿ ಹೇಳಿದರು, ಕಂಪನಿ ಅರ್ಜಿಯನ್ನು ಹಿಂದಕ್ಕೆ ಪಡೆಯಿತು.

ಪರ್ತ್‌ನಲ್ಲಿ ಬೀಲಿಯಾರ್ ಜೌಗಿನ ಮೇಲೆ ಹೆದ್ದಾರಿ ಕೆಲಸ ನಿಂತದ್ದು 2017ರ ಚುನಾವಣೆಯಲ್ಲಿ ಸರ್ಕಾರ ಬದಲಾದ ಮೇಲೆ. ಅಷ್ಟರಲ್ಲಿ ಬಹಳ ಮರಗಳು ಉರುಳಿದ್ದವು. ಅಡಿಲೇಡ್‌ನವರು ಜಾಣರು: ಜಗಳಕ್ಕೆ ಕಾಯದೆ, ಊರಿನ ಉತ್ತರಕ್ಕಿದ್ದ ಹಳೆಯ ಉಪ್ಪಿನ ಗದ್ದೆಗಳನ್ನೂ ಸೇರಿಸಿ ಹಕ್ಕಿಗಳಿಗೆಂದೇ 2016ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು.

ಅಜ್ಜಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು, "ನಮ್ಮ ಕೊಕ್ಕರೆ ಬೆಳ್ಳೂರಲ್ಲಿ ಇದೆಲ್ಲ ಯಾವ ಕಾಲದಿಂದಲೂ ಐತಲ್ಲ" ಎಂದರು. ಮದ್ದೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಮನೆಯಂಗಳದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಜನ ನೋಡಿಕೊಳ್ಳುತ್ತಾರೆ. ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರವನ್ನೂ ಕೊಡುತ್ತದೆ. ನಷ್ಟ ಯಾರಿಗೆ ಎಂದು ಮೊದಲೇ ಕೇಳಿದ ಆ ಯೋಜನೆ ನನಗೆ ಬಹಳ ಹಿಡಿಸಿತು.

ಈಗ ಬೇಸಿಗೆ ರಜೆ, ಕರ್ಲ್ಯೂಗಳು ಬಂದಿವೆ. ಮ್ಯಾನ್ಲಿ ಕಡೆ ಪಿಕ್‌ನಿಕ್ಕಿಗೆ ಹೋದಾಗ ನಾಯಿಗೆ ಹಗ್ಗ ಹಾಕಿ, ದೂರದಿಂದ ನೋಡಿ. ಹೆದರಿ ಹಾರಿದಷ್ಟೂ ಸಲ ಪ್ರಯಾಣಕ್ಕೆಂದು ಕೂಡಿಟ್ಟ ಕೊಬ್ಬು ಕರಗುತ್ತದೆ. ಬೈನಾಕ್ಯುಲರ್ ಬೇಕಿದ್ದರೆ ನನ್ನನ್ನು ಕೇಳಿ, ಕೊಡುತ್ತೇನೆ.