ಹೊಸ ಕಂಪ್ಯೂಟರಿಗೆ ಮೊದಲು ಕನ್ನಡ ಕಲಿಸಿ

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಕ-ರಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ. ಇತರ ಗಡಿಭಾಗಗಳ ಓದುಗರಿಗಾಗಿ ಕೆಲವು ಮಾತುಗಳನ್ನು ಸೇರಿಸಲಾಗಿದೆ.)



ನಿಮ್ಮಲ್ಲಿ ಹಲವರು ಮಕ್ಕಳಿಗೆಂದು ಕಂಪ್ಯೂಟರ್ ಕೊಂಡಿದ್ದೀರಿ. ಕೆಲವರು ಕೊಳ್ಳುವ ಯೋಚನೆಯಲ್ಲಿದ್ದೀರಿ. ಯಾವ ಕಂಪೆನಿಯದ್ದು ಒಳ್ಳೆಯದು, ಎಷ್ಟು ಬೆಲೆಯದ್ದು ಬೇಕು ಎಂಬುದು ಇವತ್ತಿನ ನನ್ನ ವಿಷಯವಲ್ಲ. ಯಂತ್ರ ಮನೆಗೆ ಬಂದ ಮೊದಲ ವಾರದಲ್ಲೇ ಮಾಡಬೇಕಾದ ಅರ್ಧ ಗಂಟೆಯ ಕೆಲಸವೊಂದಿದೆ, ಅದನ್ನು ಹೇಳಲು ಬಂದಿದ್ದೇನೆ.

ಐದನೆಯ ತರಗತಿಯ ಮಗು ನೋಟು ಪುಸ್ತಕದಲ್ಲಿ ಚಂದದ ಕನ್ನಡ ಬರೆಯುತ್ತದೆ. ಅದೇ ಮಗು ಕಂಪ್ಯೂಟರಿನ ಮುಂದೆ ಕುಳಿತರೆ ತನ್ನ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತದೆ. ಯಾರೂ ಹಾಗೆ ಬರೆ ಎಂದು ಹೇಳಿಲ್ಲ, ಯಂತ್ರ ಹಾಗೆ ಸಿದ್ಧವಾಗಿ ಬಂದಿದೆ, ಅಷ್ಟೆ. ಕನ್ನಡ ಪುಸ್ತಕಕ್ಕೆ, ಕಂಪ್ಯೂಟರಿಗೆ ಬೇರೆ ಭಾಷೆ ಎಂದು ಮಗು ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಎಂಟನೆಯ ತರಗತಿಗೆ ಬರುವಾಗ ಇಂಗ್ಲಿಷ್ ಮಾಧ್ಯಮಕ್ಕೆ ಸೇರುತ್ತೇನೆ ಎಂದು ಹಟ ಹಿಡಿದರೆ ಅದರಲ್ಲಿ ಆಶ್ಚರ್ಯವೇನಿದೆ? ಕನ್ನಡ ಡಿವಿಜನ್ ಉಳಿಸಲು ನಾವು ಮನೆ ಮನೆ ಸುತ್ತಿದ್ದೇವೆ, ಕನ್ನಡ ಬಲ್ಲ ಅಧ್ಯಾಪಕರನ್ನೇ ಕೊಡಿ ಎಂದು ಅರ್ಜಿ ಬರೆದಿದ್ದೇವೆ. ಮನೆಯೊಳಗಿನ ಯಂತ್ರದಲ್ಲಿ ಕನ್ನಡ ತರಲು ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ. ದುಡ್ಡೂ ಬೇಡ.

"ಇದರಲ್ಲಿ ಕನ್ನಡ ಇಲ್ಲ" ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ ಗೊತ್ತುಮಾಡುವ ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿತು. ಮೈಕ್ರೋಸಾಫ್ಟಿನ ವಿಂಡೋಸಿನಲ್ಲಿ 2001ರ ಎಕ್ಸ್‌ಪಿ ಆವೃತ್ತಿಯಿಂದ ಕನ್ನಡ ಇದೆ. ಈಗಿನ ವಿಂಡೋಸ್ 11ರಲ್ಲಿ ನಿರ್ಮಲಾ ಎಂಬ ಅಕ್ಷರ ವಿನ್ಯಾಸ ಮೊದಲೇ ಇರುವುದರಿಂದ ಕನ್ನಡ ಓದಲು ಏನನ್ನೂ ಹಾಕಿಸಬೇಕಾಗಿಲ್ಲ. ಕನ್ನಡ ಬರೆಯುವುದಕ್ಕೆ ಮಾತ್ರ ಕೀಲಿಮಣೆಯನ್ನು, ಅಂದರೆ ಕೀಬೋರ್ಡನ್ನು, ನಾವು ಸೇರಿಸಿಕೊಳ್ಳಬೇಕು.

ಹೊಸ ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದಾಗ ಅದು ಕೆಲವು ಪ್ರಶ್ನೆ ಕೇಳುತ್ತದೆ. ಯಾವ ದೇಶ, ಯಾವ ಕೀಲಿಮಣೆ, ಎರಡನೆಯ ಕೀಲಿಮಣೆ ಬೇಕೇ ಎಂದು. ಆ ಕೊನೆಯ ಪ್ರಶ್ನೆಗೆ "ಕನ್ನಡ" ಎಂದು ಉತ್ತರಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಆದರೆ ಈ ಪ್ರಶ್ನೆಗಳು ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ. ಅಂಗಡಿಯವರು ಗಿರಾಕಿಗೆ ಉಪಕಾರವಾಗಲಿ ಎಂದು ತಾವೇ ಎಲ್ಲವನ್ನೂ ಒತ್ತಿ ಮುಗಿಸಿ ಕೊಡುತ್ತಾರೆ. ಆದ್ದರಿಂದ ಕೊಳ್ಳುವಾಗಲೇ "ಪೆಟ್ಟಿಗೆ ಒಡೆಯಬೇಡಿ, ಮನೆಯಲ್ಲಿ ನಾವೇ ಚಾಲೂ ಮಾಡುತ್ತೇವೆ" ಎನ್ನಿ, ಅಥವಾ ಪಕ್ಕದಲ್ಲೇ ನಿಂತು ಕನ್ನಡ ಸೇರಿಸಲು ಹೇಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕಂಪೆನಿ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಹಳೆಯ ಯಂತ್ರ 11ಕ್ಕೆ ಏರುತ್ತದೆಯೋ ಇಲ್ಲವೋ ಎಂದು ಕೇಳಿಯೇ ದುಡ್ಡು ಕೊಡಿ.

ಈಗಾಗಲೇ ಚಾಲೂ ಮಾಡಿದ ಯಂತ್ರವಾದರೆ ಹೀಗೆ ಮಾಡಿ. "ಸೆಟ್ಟಿಂಗ್ಸ್" ತೆರೆಯಿರಿ. ಎಡಗಡೆಯ ಪಟ್ಟಿಯಲ್ಲಿ "ಟೈಮ್ ಆಂಡ್ ಲ್ಯಾಂಗ್ವೇಜ್", ಅದರೊಳಗೆ "ಲ್ಯಾಂಗ್ವೇಜ್ ಆಂಡ್ ರೀಜನ್". ಅಲ್ಲಿ "ಆ್ಯಡ್ ಎ ಲ್ಯಾಂಗ್ವೇಜ್" ಒತ್ತಿದರೆ ಭಾಷೆಗಳ ದೊಡ್ಡ ಪಟ್ಟಿ ಬರುತ್ತದೆ, ಅದರಲ್ಲಿ ಕನ್ನಡವನ್ನು ಆರಿಸಿ. ಆಗ ಇಂಟರ್ನೆಟ್ ಇರಬೇಕು. ಯಂತ್ರದ ಪರದೆಯೂ ಕನ್ನಡವಾಗಬೇಕೇ ಎಂಬ ಪ್ರಶ್ನೆ ಅಲ್ಲೇ ಬರುತ್ತದೆ, ಅದಕ್ಕೆ ಮತ್ತೆ ಬರುತ್ತೇನೆ. ಕನ್ನಡ ಸೇರಿದ ಮೇಲೆ ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದುಕೊಂಡು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಮತ್ತೆ ಒತ್ತಿದರೆ ಇಂಗ್ಲಿಷಿಗೆ. ಯಾವುದರಲ್ಲಿದ್ದೇವೆ ಎಂಬುದು ಕೆಳಗೆ ಗಡಿಯಾರದ ಪಕ್ಕದಲ್ಲಿ ಕಾಣುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ಯಂತ್ರ ಒಪ್ಪುತ್ತಿಲ್ಲ ಎಂದು ಗಾಬರಿಯಾಗುವವರು ಮೊದಲು ಅಲ್ಲಿ ನೋಡಬೇಕು. ಎಷ್ಟೋ ಸಲ ಕೀಲಿಮಣೆ ಕನ್ನಡದಲ್ಲಿ ನಿಂತಿರುತ್ತದೆ.

ಈಗ ಮುಖ್ಯ ಪ್ರಶ್ನೆ: ಯಾವ ಕೀಲಿಮಣೆ? ಇದರಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ, ಎಲ್ಲರೂ ಒಪ್ಪಬೇಕೆಂದಿಲ್ಲ.

ಮೂರು ಬಗೆಗಳು ಬಳಕೆಯಲ್ಲಿವೆ. ಮೊದಲನೆಯದು ಇಂಗ್ಲಿಷ್ ಕಾಗುಣಿತದಲ್ಲಿ ಬರೆದರೆ ಕನ್ನಡವಾಗುವ ಫೊನೆಟಿಕ್. ವಿಂಡೋಸಿಗೆ ಇದು 2019ರಲ್ಲಿ ಬಂತು. ನಮ್ಮಂಥ ದೊಡ್ಡವರಿಗೆ ಸುಲಭ. ಆದರೆ ಎರಡನೆಯ ತರಗತಿಯ ಮಗುವಿಗೆ "ಹಳ್ಳಿ" ಎಂದು ಬರೆಯಬೇಕಾದರೆ ಮೊದಲು ಇಂಗ್ಲಿಷಿನ ಎಚ್, ಎ, ಎಲ್ ನೆನಪಾಗಬೇಕು. ಬರೆದ ಮೇಲೆ ಬಂದದ್ದು ಹಳ್ಳಿಯೋ ಗೋಡೆಯ ಮೇಲಿನ ಹಲ್ಲಿಯೋ ಎಂದು ಪಟ್ಟಿಯಲ್ಲಿ ಹುಡುಕಬೇಕು. ಕನ್ನಡ ಬರೆಯಲು ಇಂಗ್ಲಿಷಿನ ಬಾಗಿಲಲ್ಲಿ ಕಾಯುವುದನ್ನು ನಾವೇ ಕಲಿಸಿದ ಹಾಗಾಗುತ್ತದೆ.

ಎರಡನೆಯದು ಕೆ.ಪಿ. ರಾವ್ ಅವರ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ "ನುಡಿ" ತಂತ್ರಾಂಶದ ಮೂಲಕ ಕರ್ನಾಟಕದಲ್ಲಿ ಮನೆಮಾತಾಗಿದೆ, ಅಲ್ಲಿನ ಸರಕಾರವೂ ಒಪ್ಪಿದ್ದು ಇದನ್ನೇ. ಮುಂದೆ ಕರ್ನಾಟಕದಲ್ಲಿ ಕೆಲಸ ಹುಡುಕುವವರಿಗೆ ಬೇಕಾದೀತು. ಅದನ್ನು ಕಡೆಗಣಿಸಿ ಎಂದು ನಾನು ಹೇಳುವುದಿಲ್ಲ.

ಮೂರನೆಯದು ಇನ್‌ಸ್ಕ್ರಿಪ್ಟ್. ವಿಂಡೋಸಿನಲ್ಲಿ ಬರೇ "ಕನ್ನಡ" ಎಂದು ಕಾಣುವ ಕೀಲಿಮಣೆ ಇದೇ. ಗಡಿನಾಡಿನ ಮಕ್ಕಳಿಗೆ ಇದೇ ಆಗಬೇಕು ಎನ್ನಲು ಕಾರಣವಿದೆ. ನಮ್ಮ ಮಕ್ಕಳಿಗೆ ಒಂದು ಭಾರತೀಯ ಲಿಪಿ ಸಾಲದು. ಇಲ್ಲಿ ಕನ್ನಡದ ಜೊತೆ ಮಲೆಯಾಳ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳಿಗೆ ಮರಾಠಿ, ಆದೋನಿ, ರಾಯದುರ್ಗ, ಮಡಕಶಿರಾದ ಮಕ್ಕಳಿಗೆ ತೆಲುಗು. ಇನ್‌ಸ್ಕ್ರಿಪ್ಟಿನಲ್ಲಿ ಈ ಎಲ್ಲ ಭಾಷೆಗಳಿಗೂ ಅಕ್ಷರದ ಜಾಗ ಒಂದೇ. ಕನ್ನಡದ "ಕ" ಇರುವ ಕೀಲಿಯಲ್ಲೇ ಮಲೆಯಾಳದ, ಮರಾಠಿಯ, ತೆಲುಗಿನ "ಕ" ಇದೆ. ಒಮ್ಮೆ ಕನ್ನಡದಲ್ಲಿ ಬೆರಳು ಪಳಗಿದರೆ ರಾಜ್ಯದ ಭಾಷೆಗೆ ಬೇರೆ ಅಭ್ಯಾಸ ಬೇಡ. ಹೊಸೂರು, ತಾಳವಾಡಿ, ನೀಲಗಿರಿಯವರು ಮಾತ್ರ ಗಮನಿಸಬೇಕು: ತಮಿಳಿಗೂ ಇನ್‌ಸ್ಕ್ರಿಪ್ಟ್ ಉಂಟು, ಆದರೆ ತಮಿಳುನಾಡಿನ ಸರಕಾರ ಒಪ್ಪಿದ್ದು ತಮಿಳ್ 99 ಎಂಬ ಬೇರೆ ವಿನ್ಯಾಸವನ್ನು.

ಇನ್ನೊಂದು ಗುಣ ಅಧ್ಯಾಪಕರಿಗೆ ಹೆಚ್ಚು ಹಿಡಿಸೀತು. ಇನ್‌ಸ್ಕ್ರಿಪ್ಟ್ ನಮ್ಮ ವರ್ಣಮಾಲೆಯ ಕ್ರಮಕ್ಕೇ ಹೊಂದಿಕೊಂಡಿದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. "ಕ" ಇರುವ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ "ಖ", "ಗ" ಇರುವುದನ್ನು ಒತ್ತಿದರೆ "ಘ". ಅಲ್ಪಪ್ರಾಣ ಮಹಾಪ್ರಾಣ ಗೊತ್ತಿರುವ ಮಗುವಿಗೆ ಅರ್ಧ ಕೀಲಿಮಣೆ ಬಂದ ಹಾಗೆಯೇ. ಒತ್ತಕ್ಷರವೂ ಹಾಗೆ. ಕೈಯಲ್ಲಿ "ಶಕ್ತಿ" ಬರೆಯುವಾಗ ಮಗು "ಕಿ" ಬರೆದು ಅಡಿಯಲ್ಲಿ ತ ಒತ್ತು ಕೊಡುತ್ತದೆ. ಯಂತ್ರಕ್ಕೆ ಉಚ್ಚಾರದ ಕ್ರಮ ಬೇಕು: ಕ, ಅರ್ಧಾಕ್ಷರದ ಗುರುತು, ತ, ಕೊನೆಗೆ ಗುಡಿಸು. ಕನ್ನಡ ಮಾಧ್ಯಮದಲ್ಲಿ ಕಾಗುಣಿತ ಬಿಡಿಸಿ ಕಲಿತವರಿಗೆ ಇದು ಕೂಡಲೇ ಹೊಳೆಯುತ್ತದೆ. "ಕನ್ನಡ" ಎಂದು ಬರೆಯಲು ಐದೇ ಸಲ ಒತ್ತಿದರೆ ಸಾಕು. ಇಂಗ್ಲಿಷಿನ ಕೆ, ವಿ, ಡಿ, ವಿ ಇರುವ ಕೀಲಿಗಳು, ಆಮೇಲೆ ಪಿ ಅಕ್ಷರದ ಬಲಗಡೆಯ ಚೌಕ ಆವರಣ. ಮನೆಗೆ ಹೋಗಿ ಮೊದಲು ಇದನ್ನೇ ಬರೆಸಿ ನೋಡಿ.

ಕೀಲಿಗಳ ಮೇಲೆ ಕನ್ನಡ ಅಕ್ಷರ ಅಚ್ಚಾಗಿಲ್ಲವಲ್ಲ ಎಂದು ಕೇಳುವಿರಿ. ಹುಡುಕುವ ಪಟ್ಟಿಯಲ್ಲಿ "ಆನ್-ಸ್ಕ್ರೀನ್ ಕೀಬೋರ್ಡ್" ಎಂದು ಬರೆದು ತೆರೆದರೆ ಪರದೆಯ ಮೇಲೆ ಕೀಲಿಮಣೆಯ ಚಿತ್ರ ಮೂಡುತ್ತದೆ. ಕನ್ನಡಕ್ಕೆ ಬದಲಾಯಿಸಿದರೆ ಕನ್ನಡದ ಅಕ್ಷರಗಳೇ ಕಾಣುತ್ತವೆ. ಅದನ್ನು ನೋಡಿ ಒಂದು ಹಾಳೆಯಲ್ಲಿ ಮಕ್ಕಳ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿದರೆ ಸಾಕು. ಮನೆಯಲ್ಲಿ ತುಳು ಮಾತಾಡುವವರು ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವುದಾದರೆ ಇದೇ ಕೀಲಿಮಣೆ ಸಾಕು. ತುಳುವಿನ ಸ್ವಂತ ಲಿಪಿ 2024ರಲ್ಲಷ್ಟೇ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಯುನಿಕೋಡ್ ಸೇರಿದೆ.

ಪರದೆಯ ಭಾಷೆಗೆ ಬರುತ್ತೇನೆ. ಯಂತ್ರದ ಪಟ್ಟಿಗಳು, ಗುಂಡಿಗಳು, ಸೂಚನೆಗಳನ್ನೂ ಕನ್ನಡಕ್ಕೆ ತಿರುಗಿಸಬಹುದು. ಆದರೆ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಅನೇಕ ಕಡೆ ಇರುವುದು "ಹೋಮ್ ಸಿಂಗಲ್ ಲ್ಯಾಂಗ್ವೇಜ್" ಎಂಬ ಆವೃತ್ತಿ. ಹೆಸರೇ ಹೇಳುವಂತೆ ಅದರ ಪರವಾನಗಿ ಪರದೆಗೆ ಒಂದೇ ಭಾಷೆಯನ್ನು ಕೊಡುತ್ತದೆ. ಬದಲಾಯಿಸಲು ಹೋದರೆ ಆಗುವುದಿಲ್ಲ ಎನ್ನುತ್ತದೆ. ಅಂಗಡಿಯವರು "ಕನ್ನಡ ಇಲ್ಲ" ಎನ್ನುವುದು ಬಹುಶಃ ಇದನ್ನು ನೋಡಿಯೇ. ಕೀಲಿಮಣೆಗೆ ಮಾತ್ರ ಈ ಅಡ್ಡಿಯಿಲ್ಲ, ಎಷ್ಟು ಭಾಷೆಯನ್ನಾದರೂ ಸೇರಿಸಬಹುದು. ನಿಮ್ಮದು ಯಾವ ಆವೃತ್ತಿ ಎಂಬುದು "ಸೆಟ್ಟಿಂಗ್ಸ್", "ಸಿಸ್ಟಮ್", "ಅಬೌಟ್" ಎಂಬಲ್ಲಿ ಕಾಣುತ್ತದೆ. ಪರದೆ ಇಂಗ್ಲಿಷಿನಲ್ಲೇ ಉಳಿದರೆ ದೊಡ್ಡ ನಷ್ಟವೆಂದು ನಾನು ಭಾವಿಸುವುದಿಲ್ಲ. ಯಂತ್ರದ ಕನ್ನಡದಲ್ಲಿ ನಮಗೇ ಅರ್ಥವಾಗದ ಪದಗಳೂ ಇವೆ. ಮಗು ತಾನು ಬರೆಯುವುದನ್ನು ಕನ್ನಡದಲ್ಲಿ ಬರೆಯಬೇಕು, ಅದಕ್ಕೆ ನನ್ನ ಒತ್ತಾಯ.

ಅಕ್ಷರದ ಗಾತ್ರವನ್ನು ಮರೆಯಬೇಡಿ. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು, ಒತ್ತಕ್ಷರಗಳು ಕೆಳಗೆ ಇರುವೆಯಂತೆ ಕಾಣುತ್ತವೆ. "ಸೆಟ್ಟಿಂಗ್ಸ್", "ಆ್ಯಕ್ಸೆಸಿಬಿಲಿಟಿ", "ಟೆಕ್ಸ್ಟ್ ಸೈಜ್" ಎಂಬಲ್ಲಿ 100ರಿಂದ 225ರವರೆಗೆ ಹಿಗ್ಗಿಸಬಹುದು. ಸಣ್ಣ ಮಕ್ಕಳಿಗೆ 130ರ ಆಸುಪಾಸು ಇಟ್ಟು ನೋಡಿ.

ಮಗುವಿಗೆ ಪ್ರತ್ಯೇಕ ಖಾತೆ ತೆರೆಯಿರಿ. ಖಾತೆಯ ಹೆಸರನ್ನು ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ, ಏಕೆಂದರೆ ಆ ಹೆಸರಿನಲ್ಲೇ ಒಳಗೊಂದು ಕಡತಕೋಶ ಹುಟ್ಟುತ್ತದೆ, ಅದು ಕನ್ನಡದಲ್ಲಿದ್ದರೆ ಕೆಲವು ಹಳೆಯ ತಂತ್ರಾಂಶಗಳು ತೊಡಕು ಮಾಡುತ್ತವೆ. ಆಮೇಲೆ "ಕಂಟ್ರೋಲ್ ಪ್ಯಾನೆಲ್" ಮೂಲಕ ಕಾಣುವ ಹೆಸರನ್ನು ಮಾತ್ರ ಕನ್ನಡಕ್ಕೆ ಬದಲಾಯಿಸಿ. ಯಂತ್ರ ತೆರೆದ ಕೂಡಲೇ ತನ್ನ ಹೆಸರು ಕನ್ನಡದಲ್ಲಿ ಕಂಡಾಗ ಮಕ್ಕಳ ಮುಖ ನೋಡಬೇಕು.

ಶಾಲೆಯ ಲ್ಯಾಬಿನ ವಿಷಯ. ಕೇರಳದ ಶಾಲೆಗಳಲ್ಲಿ ಇರುವುದು ಕೈಟ್ ಸಂಸ್ಥೆ ಉಬುಂಟುವಿನ ಆಧಾರದಲ್ಲಿ ಸಿದ್ಧಪಡಿಸಿದ ಮುಕ್ತ ತಂತ್ರಾಂಶ. ಅದಕ್ಕೆ ಪರವಾನಗಿಯ ದುಡ್ಡೂ ಇಲ್ಲ, ಒಂದೇ ಭಾಷೆ ಎಂಬ ಕಟ್ಟೂ ಇಲ್ಲ. ಸೆಟ್ಟಿಂಗ್ಸಿನ ಕೀಬೋರ್ಡ್ ಭಾಗದಲ್ಲಿ "ಇನ್‌ಪುಟ್ ಸೋರ್ಸಸ್" ಎಂಬಲ್ಲಿ ಕನ್ನಡ ಸೇರಿಸಬಹುದು. ಅಲ್ಲಿ ಕಗಪ ವಿನ್ಯಾಸವೂ ಸಿಗುತ್ತದೆ. ಐಸಿಟಿ ಪಠ್ಯಪುಸ್ತಕ ಕನ್ನಡ ಮಾಧ್ಯಮಕ್ಕೂ ಇದೆ. ಪುಸ್ತಕ ಕನ್ನಡದಲ್ಲಿದ್ದು ಲ್ಯಾಬಿನ ಯಂತ್ರದಲ್ಲಿ ಮಲೆಯಾಳ, ಇಂಗ್ಲಿಷ್ ಕೀಲಿಮಣೆ ಮಾತ್ರ ಇದ್ದರೆ ಮಗು ಅಭ್ಯಾಸ ಮಾಡುವುದೆಲ್ಲಿ? ಇದನ್ನು ನಾವು ಕೇಳಬೇಕು. ಕೇಳುವ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯ ಯತ್ನಿಸಬೇಕೆಂಬ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು, ಅಂದರೆ ನಾವು ಕೇರಳಕ್ಕೆ ಸೇರಿದ ವರ್ಷವೇ. ಅದನ್ನು ಬರೆದವರು ಕಂಪ್ಯೂಟರನ್ನು ಕಂಡಿರಲಿಕ್ಕಿಲ್ಲ. ಆದರೆ ಸೌಲಭ್ಯ ಎಂಬ ಮಾತಿನೊಳಗೆ ಕೀಲಿಮಣೆ ಸೇರುವುದಿಲ್ಲ ಎನ್ನುವವರು ಕಾರಣ ಕೊಡಲಿ.

ಕೊನೆಗೆ ಅಧ್ಯಾಪಕರಿಗೆ ಒಂದು ಬಿನ್ನಹ. ಹಳೆಯ ಪ್ರಶ್ನೆಪತ್ರಿಕೆಗಳನ್ನು ವಾಟ್ಸಾಪಿನಲ್ಲಿ ಕಳಿಸಿದಾಗ ಮನೆಯ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ ಎಂಬ ದೂರಿದೆ. ಯುನಿಕೋಡಿಗೆ ಮೊದಲಿನ ನುಡಿ, ಬರಹ ಅಕ್ಷರಗಳಲ್ಲಿ ಬರೆದ ಕಡತಗಳು ಅವು. ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ಆಕಾರ ತೊಡಿಸಿದ ಏರ್ಪಾಡು, ಆ ಫಾಂಟ್ ಇಲ್ಲದಲ್ಲಿ ವೇಷ ಕಳಚುತ್ತದೆ. ಪ್ರತಿ ಮನೆಗೂ ಹಳೆಯ ಫಾಂಟ್ ಹಂಚುವುದಕ್ಕಿಂತ ಕಡತಗಳನ್ನೇ ಯುನಿಕೋಡಿಗೆ ಪರಿವರ್ತಿಸಿ ಕಳಿಸಿದರೆ ಹೆತ್ತವರಿಗೆ ಉಪಕಾರವಾದೀತು.

ಸಭೆ ಮುಗಿದ ಮೇಲೆ ಲ್ಯಾಬ್ ಒಂದು ಗಂಟೆ ತೆರೆದಿರುತ್ತದೆ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಲ್ಯಾಪ್‌ಟಾಪ್ ತಂದವರು ಅಲ್ಲಿಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಕೀಲಿಮಣೆ ಸೇರಿಸುವ ಕೆಲಸವನ್ನು ಮಕ್ಕಳೇ ಮಾಡಲಿ, ನಾವು ಪಕ್ಕದಲ್ಲಿ ನಿಂತರೆ ಸಾಕು.